ನಡುರಾತ್ರಿ ‘ಗುರ್ರ್’ ಎಂದ ಪಂಪು

ಅಮೆರಿಕದ ಒಂದು ಕಾಡಿನಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು ಅಜ್ಜ, ಮೊಮ್ಮಗಳು ಅದರೊಳಗೇ ಮಲಗಿದ್ದಾರೆ ಎಂದುಕೊಳ್ಳಿ. ನಡುರಾತ್ರಿ ಬೆಂಚಿನ ಕೆಳಗಿನಿಂದ ‘ಗುರ್ರ್’ ಎಂಬ ಸದ್ದು. ಎರಡೇ ಕ್ಷಣ, ಆಮೇಲೆ ನಿಶ್ಶಬ್ದ. ಅರ್ಧ ಗಂಟೆ ಬಿಟ್ಟು ಮತ್ತೆ ‘ಗುರ್ರ್’. ಅದು ನೀರಿನ ಪಂಪಿನ ಸದ್ದು. ಆದರೆ ಯಾರೂ ನಲ್ಲಿ ತಿರುಗಿಸಿಲ್ಲ! ಪಂಪು ತಾನಾಗಿ ಓಡಿದ್ದು ಹೇಗೆ? ದೆವ್ವವೇ?

ದೆವ್ವವಲ್ಲ ಮಕ್ಕಳೇ. ಕಾರಣ ಆ ಬೆಂಚಿನ ಕೆಳಗಿನ ಇಕ್ಕಟ್ಟಾದ ಖಾನೆಯಲ್ಲಿ ಅಡಗಿದೆ. ಅದನ್ನು ಹುಡುಕುವ ಮೊದಲು ಈ ಗಾಡಿ ಎಂಥದ್ದೆಂದು ನೋಡೋಣ.

ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿದರೆ ಅದೇ ‘ಟ್ರಕ್ ಕ್ಯಾಂಪರ್’. ಚಾಲಕನ ತಲೆಯ ಮೇಲೆ ಹಾಸಿಗೆ, ಒಳಗೆ ಒಲೆ, ಊಟದ ಮೇಜು, ನೀರಿನ ಟ್ಯಾಂಕು. ಬೇಡವಾದಾಗ ನಾಲ್ಕು ಮೂಲೆಯ ಜ್ಯಾಕುಗಳ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿ, ಟ್ರಕ್ಕನ್ನು ಕೆಳಗಿನಿಂದ ಓಡಿಸಿಕೊಂಡು ಹೋಗಬಹುದು. ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತಮ್ಮ ನಾಯಿ ಚಾರ್ಲಿಯನ್ನು ಕೂರಿಸಿಕೊಂಡು ಅಮೆರಿಕ ಸುತ್ತಿದ್ದು ಇಂಥ ಗಾಡಿಯಲ್ಲೇ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಅದಕ್ಕಿಟ್ಟಿದ್ದರು: ರೋಸಿನಾಂಟೆ. ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನಲ್ಲಿರುವ ಸ್ಟೈನ್‌ಬೆಕ್ ಕೇಂದ್ರದಲ್ಲಿ ಆ ಗಾಡಿಯನ್ನು ಇಂದಿಗೂ ನೋಡಬಹುದು.

ಇಷ್ಟು ಚಿಕ್ಕ ಮನೆಯಲ್ಲಿ ಒಂದು ಗೇಣು ಜಾಗವನ್ನೂ ಹಾಳು ಮಾಡುವಂತಿಲ್ಲ. ಟ್ರಕ್ಕಿನ ಚಕ್ರಗಳ ಉಬ್ಬು ಎರಡೂ ಕಡೆಯಿಂದ ಒಳಕ್ಕೆ ಚಾಚಿರುವುದರಿಂದ ಕ್ಯಾಂಪರಿನ ತಳಭಾಗ ಅವುಗಳ ನಡುವೆ ಹಿಡಿಸಬೇಕು. 100 ಲೀಟರ್ ನೀರೆಂದರೆ 100 ಕಿಲೋ ಭಾರ; ಹೀಗಾಗಿ ಟ್ಯಾಂಕು ಕೆಳಗೇ ಇರಬೇಕು. ಪಂಪು, ಕೊಳವೆ, ತಂತಿಗಳನ್ನೆಲ್ಲ ಅದರ ಸುತ್ತ ತುರುಕುತ್ತಾರೆ. ಎಷ್ಟೋ ಸಲ ಇವನ್ನೆಲ್ಲ ಕೂರಿಸಿದ ಮೇಲೆಯೇ ಬೆಂಚು, ಕಪಾಟುಗಳನ್ನು ಕಟ್ಟುತ್ತಾರೆ. ಕೊನೆಗೆ ಉಳಿಯುವುದು ಕೈ ತೂರಿಸಲು ಒಂದು ಪುಟ್ಟ ಕಿಂಡಿ, ಕೆಲವೊಮ್ಮೆ ಅದೂ ಇಲ್ಲ.

ಈಗ ಪಂಪಿನ ಕಥೆಗೆ ಬರೋಣ. ಅದಕ್ಕೆ ಒತ್ತಡ ಗುರುತಿಸುವ ಸ್ವಿಚ್ಚು ಇರುತ್ತದೆ. ನಲ್ಲಿ ತೆರೆದರೆ ಕೊಳವೆಯೊಳಗಿನ ಒತ್ತಡ ಇಳಿದು ಪಂಪು ಓಡುತ್ತದೆ. ಮುಚ್ಚಿದರೆ ಒತ್ತಡ ಏರಿ ನಿಲ್ಲುತ್ತದೆ. ನಲ್ಲಿ ಮುಚ್ಚಿದ್ದರೂ ಪಂಪು ಓಡಿತೆಂದರೆ ಎಲ್ಲೋ ನೀರು ಸೋರುತ್ತಿರಬೇಕು, ಇಲ್ಲವೇ ಪಂಪಿನ ಒಳಗಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ‘ಹನಿ ನೀರು ತಾನೆ’ ಎಂದು ಬಿಡುವಂತಿಲ್ಲ. ಅನೇಕ ಕ್ಯಾಂಪರುಗಳ ಚೌಕಟ್ಟು ಮರದ್ದು. ಕಾಣದ ಮೂಲೆಯಲ್ಲಿ ತಿಂಗಳುಗಟ್ಟಲೆ ನೀರು ತೊಟ್ಟಿಕ್ಕಿದರೆ ಮರ ಕೊಳೆತು, ಮನೆಯೇ ಸಡಿಲವಾಗುತ್ತದೆ.

ಬೆಳಗಾದ ಮೇಲೆ ಅಜ್ಜ ಮೊದಲು ಖಾನೆಯ ಸಾಮಾನುಗಳನ್ನೆಲ್ಲ ಹೊರಗೆ ತೆಗೆಯುತ್ತಾರೆ. ಮೊಮ್ಮಗಳು ಫೋಟೊ ತೆಗೆಯುತ್ತಾಳೆ, ಯಾವ ಕೊಳವೆ ಎಲ್ಲಿತ್ತೆಂದು ಆಮೇಲೆ ಗೊತ್ತಾಗಲಿ ಎಂದು. ಪಂಪು ನಿಲ್ಲಿಸಿ, ಜೋಡಣೆಗಳನ್ನು ಬಟ್ಟೆಯಿಂದ ಒರೆಸಿ, ಒಂದೊಂದಕ್ಕೂ ಒಣ ಟಿಶ್ಯೂ ಕಾಗದ ಸುತ್ತುತ್ತಾರೆ. ಕೈ ಹೊರತೆಗೆದ ಮೇಲೆ ಪಂಪು ಹಾಕಿ, ಒತ್ತಡ ಏರಲು ಬಿಟ್ಟು ಕಾಯುತ್ತಾರೆ. ಒದ್ದೆಯಾದ ಕಾಗದವೇ ಕಳ್ಳನನ್ನು ಹಿಡಿದುಕೊಡುತ್ತದೆ!

ಆದರೆ ಟ್ಯಾಂಕಿನ ಹಿಂದಿನ ಕಾಗದ ಕಾಣುವುದು ಹೇಗೆ? ಹಲ್ಲಿನ ಡಾಕ್ಟರ ಬಳಿ ಇರುವಂಥ ಉದ್ದ ಹಿಡಿಯ ಕನ್ನಡಿ, ಒಂದು ಟಾರ್ಚು ಸಾಕು. ಮೊಬೈಲನ್ನು ಒಳಗೆ ಚಾಚಿ ವಿಡಿಯೊ ತೆಗೆದರೂ ಆದೀತು. ಕನ್ನಡಿ ನೋಡಿಕೊಂಡು ಕೆಲಸ ಮಾಡುವುದು ಮಾತ್ರ ಸುಲಭವಲ್ಲ. ನಂಬಿಕೆ ಇಲ್ಲವೇ? ನಿಮ್ಮ ಕಾಗದ ಕನ್ನಡಿಯಲ್ಲಷ್ಟೇ ಕಾಣುವಂತೆ ಪುಸ್ತಕವೊಂದನ್ನು ಅಡ್ಡ ಹಿಡಿದು, ಕನ್ನಡಿ ನೋಡುತ್ತಾ ಹೆಸರು ಬರೆದು ನೋಡಿ. ಕೈ ಬೇರೆ ದಾರಿ ಹಿಡಿಯುತ್ತದೆ!

ಒಳಗೆ ಕೈ ಹಾಕಿ ರಿಪೇರಿ ಮಾಡುವ ಮುಂಚೆ ಪಂಪಿನ ಸ್ವಿಚ್ಚು ಆರಿಸಬೇಕು, ಹೊರಗಿನ ವಿದ್ಯುತ್ತಿನ ಪ್ಲಗ್ ಕೀಳಬೇಕು, ಬ್ಯಾಟರಿಯ ತಂತಿ ಬಿಡಿಸಬೇಕು. ಬ್ಯಾಟರಿ 12 ವೋಲ್ಟಿನದ್ದೇ ಇರಬಹುದು. ಆದರೂ ಸ್ಪ್ಯಾನರು ಎರಡು ತುದಿಗೆ ತಗುಲಿದರೆ ಕಿಡಿ ಹಾರಿ ಬೆಂಕಿ ಹತ್ತೀತು. ಇದು ದೊಡ್ಡವರ ಕೆಲಸ. ನಲ್ಲಿ ತೆರೆದು ಕೊಳವೆಯ ಒತ್ತಡವನ್ನೂ ಇಳಿಸಬೇಕು. ಗ್ಯಾಸಿನ ಖಾನೆಯನ್ನಂತೂ ತರಬೇತಾದ ಕೆಲಸಗಾರರಿಗೇ ಬಿಡಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳಕ್ಕೆ ಇಳಿಯುತ್ತದೆ. ಅದಕ್ಕೇ ಆ ಖಾನೆಯನ್ನು ಮನೆಯ ಒಳಭಾಗದಿಂದ ಬೇರೆಯಾಗಿ ಮುಚ್ಚಿ, ಕೆಳಗೆ ಹೊರಕ್ಕೆ ತೂತು ಇಟ್ಟಿರುತ್ತಾರೆ. ಆ ತೂತನ್ನು ಎಂದೂ ಮುಚ್ಚಬಾರದು.

ಇಕ್ಕಟ್ಟಿನಲ್ಲಿ ಕೆಲಸ ಮಾಡುವವರಿಗೆ ಕೆಲವು ಉಪಾಯಗಳೂ ಗೊತ್ತು. ಸ್ಪ್ಯಾನರಿಗೆ ದಾರ ಕಟ್ಟಿಕೊಂಡರೆ ಬಿದ್ದರೂ ಎಳೆದುಕೊಳ್ಳಬಹುದು. ಸ್ಕ್ರೂವನ್ನು ಸ್ಕ್ರೂಡ್ರೈವರಿನ ತುದಿಗೆ ಟೇಪಿನಿಂದ ಅಂಟಿಸಿದರೆ ಜಾರದು. ಬಿದ್ದ ಕಬ್ಬಿಣದ ಸ್ಕ್ರೂವನ್ನು ಕೋಲಿನ ತುದಿಯ ಅಯಸ್ಕಾಂತ ಎತ್ತಿಕೊಡುತ್ತದೆ. ಹಿತ್ತಾಳೆಯದ್ದಾದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನೆನಪಿರಲಿ! ಪ್ಲಾಸ್ಟಿಕ್ ಜೋಡಣೆಯನ್ನು ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ. ಬಲಕ್ಕಿಂತ ತಾಳ್ಮೆ ಮುಖ್ಯ.

ನಮ್ಮ ಕಥೆಯಲ್ಲಿ ಒದ್ದೆಯಾದದ್ದು ಟ್ಯಾಂಕಿನ ಹಿಂದಿನ ಕಾಗದ. ಅಜ್ಜನ ಕೈ ಮೊಣಕೈವರೆಗೂ ಹೋಗುತ್ತಿಲ್ಲ. ಎಲ್ಲವನ್ನೂ ಆರಿಸಿದ್ದೇವೆಂದು ಅಜ್ಜ ಮತ್ತೊಮ್ಮೆ ನೋಡಿದ ಮೇಲೆ ಮೊಮ್ಮಗಳ ಸಣ್ಣ ಕೈ ಒಳಗಿಳಿಯುತ್ತದೆ. ಯಾವ ಕಡೆ ತಿರುಗಿಸಬೇಕೆಂದು ಅಜ್ಜ ಹೇಳುತ್ತಾರೆ. ಬೆರಳಿಗೆ ಏನು ತಗುಲಿತೆಂದು ಅವಳು ಹೇಳುತ್ತಾಳೆ. ಸವೆದ ರಬ್ಬರ್ ವಾಷರ್ ಹೊರಬಂದು, ಹೊಸದು ಕೂರುತ್ತದೆ.

ಕೆಲಸ ಇನ್ನೂ ಮುಗಿದಿಲ್ಲ. ಜಾಣರು ಯಾವ ಕೊಳವೆ ಎಲ್ಲಿಗೆ ಹೋಗುತ್ತದೆಂದು ಚೀಟಿ ಅಂಟಿಸುತ್ತಾರೆ. ಹಲಗೆಯ ಹಿಂದೆ ತಂತಿಯಾಗಲಿ, ಕೊಳವೆಯಾಗಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿಂಡಿಯನ್ನು ಸ್ವಲ್ಪ ದೊಡ್ಡದು ಮಾಡಿ, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಮುಚ್ಚಳ ಹಾಕುತ್ತಾರೆ. ಏಕೆಂದರೆ ಮೊಮ್ಮಗಳ ಕೈ ಬೆಳೆಯುತ್ತದೆ. ಮುಂದಿನ ಸಲ ಅದೂ ಆ ಕಿಂಡಿಯಲ್ಲಿ ಹಿಡಿಸಲಿಕ್ಕಿಲ್ಲ!

ನಿಮ್ಮ ಅಡುಗೆಮನೆಯ ಸಿಂಕಿನ ಕೆಳಗೂ ಇಂಥದೊಂದು ಮೂಲೆ ಇದ್ದೀತು. ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು, ಟಾರ್ಚು ಹಿಡಿದು ಒಮ್ಮೆ ಇಣುಕಿ ನೋಡಿ. ಒಂದು ತುಂಡು ಒಣ ಕಾಗದವೂ ಜೊತೆಗಿರಲಿ.