ಮುಧೋಳದ ನಾಯಿಗೊಂದು ಮನೆ

ಮುಧೋಳದ ನಾಯಿಯ ಕೀರ್ತಿಯನ್ನು ಅರಿಯದವರು ವಿರಳ. ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆನಾಯಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಹೊರಬಂದಿತು. ಆದರೆ ಕೀರ್ತಿಯೇ ಕೆಲವೊಮ್ಮೆ ಕುತ್ತಾಗುತ್ತದೆ. ಹೆಸರಿಗೆ ಮರುಳಾಗಿ ಮರಿಯನ್ನು ತಂದವರು, ಅದು ಬೆಳೆದು ಓಟಕ್ಕೆ ಬಯಲನ್ನು ಬೇಡಿದಾಗ ಕೈಬಿಡುವುದುಂಟು. ಸಕಾರಣವಿಲ್ಲದೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ.

ನಂಜನಗೂಡಿನ ಬೀದಿಯಲ್ಲೋ ತಿರುಮಕೂಡಲಿನ ಸಂಗಮದ ಬಳಿಯಲ್ಲೋ ಅಂಥ ನಾಯಿ ಕಂಡರೆ ಮಾಡುವುದೇನು? ಬಡಕಲು ಮೈಯನ್ನಷ್ಟೇ ನೋಡಿ ಅನಾಥವೆಂದು ತೀರ್ಮಾನಿಸಬಾರದು. ಕೃಶಕಾಯವೇ ಆ ತಳಿಯ ಲಕ್ಷಣ. ಮೊದಲು ನೀರು, ಬಳಿಕ ಒಡೆಯನ ಶೋಧ. ಒಡೆಯನು ದೊರೆಯದಿದ್ದರೆ ಪಶುವೈದ್ಯರಿಂದ ಪರೀಕ್ಷೆ, ಹುಚ್ಚುನಾಯಿ ರೋಗದ ಲಸಿಕೆ.

ಹೊಸ ಮನೆಯ ಆಯ್ಕೆಯಲ್ಲಿ ಇನ್ನೂ ಎಚ್ಚರ ಬೇಕು. ಕಣ್ಣೆದುರು ಓಡುವ ಜೀವವನ್ನು ಅಟ್ಟುವುದು ಇದರ ಹುಟ್ಟುಗುಣ. ಕುರಿಗೆ ಹೆಸರಾದ ಬನ್ನೂರು ಇರುವುದು ನರಸೀಪುರ ತಾಲ್ಲೂಕಿನಲ್ಲೇ. ಅಲ್ಲಿ ಬೇಲಿಯಿಲ್ಲದ ಮನೆಗೆ ನಾಯಿಯನ್ನು ಒಪ್ಪಿಸಿದರೆ ಮೊದಲು ನೆರೆಯವನ ಕುರಿಗೆ, ಆಮೇಲೆ ನಾಯಿಗೇ ಅಪಾಯ. ಎತ್ತರದ ಬೇಲಿ, ದಿನವೂ ಓಟ, ತಾಳ್ಮೆಯುಳ್ಳ ಒಡೆಯ, ಈ ಮೂರೂ ಇದ್ದಲ್ಲಿಗೆ ಮಾತ್ರ ಕೊಡತಕ್ಕದ್ದು. ಕರುಣೆಯಿಂದ ಕರೆತಂದುದನ್ನು ವಿವೇಕದಿಂದ ಒಪ್ಪಿಸಿದಾಗಲೇ ಆ ಕರುಣೆ ಸಾರ್ಥಕ.