ಕಾಟೋಲಿನ ಕಲ್ಲು, 660 ಕಿಲೋಮೀಟರ್ ಆಳ

2012ರ ಮೇ 22ರಂದು ನಾಗಪುರ ಜಿಲ್ಲೆಯ ಕಾಟೋಲ್ ಪಟ್ಟಣದ ಸುತ್ತಮುತ್ತ ಆಕಾಶದಿಂದ ಕಲ್ಲುಗಳು ಉದುರಿದವು. ಆ ಉಲ್ಕಾಶಿಲೆಯಲ್ಲಿ ಖರಗ್‌ಪುರ ಐಐಟಿಯ ಸುಜಯ್ ಘೋಷ್ ಮತ್ತು ಸಂಗಡಿಗರಿಗೆ ಬ್ರಿಡ್ಜ್‌ಮನೈಟ್ ಎಂಬ ಖನಿಜ ಸಿಕ್ಕಿದ್ದು 2021ರಲ್ಲಿ ವರದಿಯಾಯಿತು. ಅದು ಹುಟ್ಟಬೇಕಾದರೆ ಸುಮಾರು 2 ಲಕ್ಷ 30 ಸಾವಿರ ವಾಯುಮಂಡಲಗಳ ಒತ್ತಡ ಬೇಕು. ನಾಗಪುರ ಜಂಕ್ಷನ್ನಿನಲ್ಲಿ ನಿಲ್ಲುವ 123 ಟನ್ನಿನ ರೈಲ್ವೆ ಎಂಜಿನ್ ಎರಡನ್ನು ಕಿರುಬೆರಳಿನ ಉಗುರಿನ ಮೇಲೆ ಹೇರಿದರೆ ಹೆಚ್ಚುಕಡಿಮೆ ಅಷ್ಟಾದೀತು.

ಭೂಮಿಯೊಳಗೆ ಅಂಥ ಒತ್ತಡ ಇರುವುದು 660 ಕಿ.ಮೀ. ಕೆಳಗೆ. ನಾಗಪುರದಿಂದ ಮುಂಬೈಗೆ ನೇರ ಗೆರೆ ಎಳೆದರೂ ಸುಮಾರು ಅಷ್ಟೇ ಉದ್ದ. ಮನುಷ್ಯ ಕೊರೆದ ಅತಿ ಆಳದ ಬಾವಿ, ರಷ್ಯಾದ ಕೋಲಾದ್ದು, 12,262 ಮೀಟರಿಗೇ ನಿಂತಿದೆ. ಆ ದಾರಿಯಲ್ಲಿ ನೂರಕ್ಕೆ ಎರಡು ಪಾಲೂ ಆಗಿಲ್ಲ. ಕಾಟೋಲಿನ ಕಲ್ಲಾದರೋ ಬಾಹ್ಯಾಕಾಶದಲ್ಲಿ ಡಿಕ್ಕಿಯೊಂದಕ್ಕೆ ಸಿಕ್ಕಿ, ಎಳೆ ಎಳೆಯಾಗಿ ಕರಗಿ, ತಕ್ಷಣ ತಣಿದದ್ದರಿಂದ ಹರಳು ಹಾಗೇ ಉಳಿಯಿತು.

ಹರಳುಗಳ ಒಳರಚನೆ ಓದಲು ಎಕ್ಸ್-ರೇ ಬೇಕು. ಅದರ ತರಂಗಾಂತರ ಒಂದು ಮೀಟರಿನ ಸಾವಿರ ಕೋಟಿ ಪಾಲಿನಲ್ಲಿ ಒಂದರ ಆಸುಪಾಸು. ಪರಮಾಣುಗಳ ನಡುವಿನ ಅಂತರವೂ ಅದೇ ಅಳತೆಯದು. ಆದ್ದರಿಂದ ಪರಮಾಣುಗಳ ಸಾಲುಗಳಿಂದ ಕಿರಣ ಕೆಲವೇ ಕೋನಗಳಲ್ಲಿ ಪ್ರಖರವಾಗಿ ಹೊರಬೀಳುತ್ತದೆ. ಕೋನ ಅಳೆದರೆ ಸಾಲುಗಳ ಅಂತರ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕಾಲಡಿಯ ಶಿಲೆಗಳಲ್ಲಿ ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳಿದ್ದರೆ, ಬ್ರಿಡ್ಜ್‌ಮನೈಟಿನಲ್ಲಿ ಆರು ಒತ್ತೊತ್ತಾಗಿ ಕೂತಿರುತ್ತವೆ.

ಭೂಮಿಯ ಗಾತ್ರದಲ್ಲಿ ಸುಮಾರು ಶೇಕಡ 38 ಪಾಲು ಈ ಖನಿಜದ್ದೇ. ಆದರೂ 2014ರವರೆಗೆ ಅದಕ್ಕೆ ಹೆಸರಿರಲಿಲ್ಲ, ಏಕೆಂದರೆ ನಿಸರ್ಗದ ಮಾದರಿ ಕೈಗೆ ಸಿಗದೆ ಖನಿಜಕ್ಕೆ ಹೆಸರಿಡುವಂತಿಲ್ಲ. ಆಸ್ಟ್ರೇಲಿಯಾದ ಟೆನ್‌ಹ್ಯಾಮ್‌ನಲ್ಲಿ 1879ರಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಅದನ್ನು ಸಿಂಕ್ರೊಟ್ರಾನ್ ಎಂಬ ಯಂತ್ರದ ಎಕ್ಸ್-ರೇ ಗುರುತಿಸುವ ಹೊತ್ತಿಗೆ 135 ವರ್ಷ ಕಳೆದಿದ್ದವು.

ಆಕಾಶದ ಕೊಡುಗೆಗೆ ಕಾಯದೆ ಒತ್ತಡವನ್ನು ಪ್ರಯೋಗಾಲಯದಲ್ಲೇ ಹುಟ್ಟಿಸುವುದೂ ಉಂಟು. ಎರಡು ವಜ್ರಗಳ ತುದಿಗಳ ನಡುವೆ ಧೂಳಿನ ಕಣದಷ್ಟು ಮಾದರಿಯನ್ನು ಅದುಮಿ, ಲೇಸರಿನಿಂದ ಕಾಯಿಸಿ, ವಜ್ರವನ್ನೇ ಹಾಯ್ದು ಹೋಗುವಂತೆ ಎಕ್ಸ್-ರೇ ಬಿಡುತ್ತಾರೆ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಹೀಗೆ ಕಬ್ಬಿಣವನ್ನು 37 ಲಕ್ಷ ವಾಯುಮಂಡಲಗಳ ಒತ್ತಡಕ್ಕೆ, 5,400 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಯ್ದರು. ಅದು 6,371 ಕಿ.ಮೀ. ಕೆಳಗಿನ, ಭೂಮಿಯ ನಟ್ಟನಡುವಿನ ಸ್ಥಿತಿ. ಅಷ್ಟು ಹಿಂಡಿದರೂ ಕಬ್ಬಿಣದ ಪರಮಾಣುಗಳು ತಮ್ಮ ಷಟ್ಕೋನ ಜೋಡಣೆ ಬಿಟ್ಟಿರಲಿಲ್ಲ.