ದೇವಯುದ್ಧ ಮತ್ತು ಭೂಮಿ: ಟೋಲ್ಕೀನನ ಪುರಾಣಕಲ್ಪನೆಯ ಒಂದು ವಿವೇಚನೆ

ದೇವತೆಗಳ ಯುದ್ಧವೆಂದೊಡನೆ ನಮ್ಮ ಗಮನ ಹರಿಯುವುದು ಜಯಾಪಜಯಗಳ ಕಡೆಗೆ. ಯಾರು ಗೆದ್ದರು, ಯಾವ ಆಯುಧದಿಂದ ಗೆದ್ದರು ಎಂಬುದೇ ಅಲ್ಲಿ ಪ್ರಧಾನ. ಯುದ್ಧ ನಡೆದ ನೆಲದ ಗತಿಯೇನಾಯಿತೆಂದು ಕೇಳುವವರು ವಿರಳ. ಆ ಪ್ರಶ್ನೆಯನ್ನೇ ಕೇಂದ್ರವಾಗಿ ಉಳ್ಳ ಒಂದು ಕಲ್ಪಿತ ಪುರಾಣವನ್ನು ಇಲ್ಲಿ ವಿವೇಚಿಸುತ್ತೇವೆ. ಅದು ಜೆ. ಆರ್. ಆರ್. ಟೋಲ್ಕೀನನ (೧೮೯೨–೧೯೭೩) ‘ಸಿಲ್ಮರಿಲಿಯನ್’.

ಟೋಲ್ಕೀನನು ೧೯೨೫ರಿಂದ ೧೯೫೯ರವರೆಗೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದ ಭಾಷಾವಿದ್ವಾಂಸ. ೧೯೧೬ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಸೈನ್ಯಾಧಿಕಾರಿಯಾಗಿದ್ದು, ಕಾಯಿಲೆಬಿದ್ದು ಸ್ವದೇಶಕ್ಕೆ ಮರಳಿದ ಮೇಲೆ ಈ ಪುರಾಣದ ಮೊದಲ ಕಥೆಗಳನ್ನು ಬರೆಯತೊಡಗಿದನು. ಬಾಳಿನುದ್ದಕ್ಕೂ ತಿದ್ದುತ್ತ ಬಂದ ಈ ಕೃತಿಯು ಅವನ ಮರಣಾನಂತರ, ೧೯೭೭ರಲ್ಲಿ, ಮಗನಾದ ಕ್ರಿಸ್ಟಫರನ ಸಂಪಾದಕತ್ವದಲ್ಲಿ ಪ್ರಕಟವಾಯಿತು.

ಈ ಜಗತ್ತಿನಲ್ಲಿ ಸೃಷ್ಟಿಕರ್ತನು ಇಲುವಾತಾರನೊಬ್ಬನೇ. ಅವನಿಂದ ಹುಟ್ಟಿ ಲೋಕವನ್ನು ರೂಪಿಸಲು ಇಳಿದುಬಂದ ವಾಲಾರರು ನಮ್ಮ ಲೋಕಪಾಲರನ್ನು ಹೋಲುತ್ತಾರೆ. ಅವರೆಲ್ಲರಿಗಿಂತ ಮಿಗಿಲಾದ ಮೂಲಶಕ್ತಿಯುಳ್ಳವನಾಗಿದ್ದೂ ಎಲ್ಲವೂ ತನಗೇ ಅಧೀನವಾಗಬೇಕೆಂದು ಬಯಸಿದವನು ಮೆಲ್ಕೋರ್. ಮುಂದೆ ಅವನಿಗೆ ಮೊರ್ಗಾಥ್ ಎಂಬ ಹೆಸರಾಯಿತು. ಎಲ್ಫರು, ಮಾನವರು ಎಂಬೆರಡು ಕುಲಗಳು ಇಲುವಾತಾರನ ಸ್ವಂತ ಸೃಷ್ಟಿ. ಅವರ ಸೃಷ್ಟಿಯಲ್ಲಿ ವಾಲಾರರಿಗೆ ಪಾಲಿಲ್ಲ. ಹೊಣೆ ಮಾತ್ರ ಉಂಟು. ಯುದ್ಧದ ಧರ್ಮಸಂಕಟವೆಲ್ಲ ಈ ಹೊಣೆಯಿಂದಲೇ ಹುಟ್ಟುತ್ತದೆ.

ಎಲ್ಫರು ಮೊದಲು ಎಚ್ಚತ್ತಾಗ ಅವರ ರಕ್ಷಣೆಗಾಗಿ ವಾಲಾರರು ದಂಡೆತ್ತಿ ಹೋಗಿ, ಉತುಮ್ನೋ ಎಂಬ ಕೋಟೆಯನ್ನು ಕೆಡವಿ ಮೆಲ್ಕೋರನನ್ನು ಸೆರೆಹಿಡಿದರು. ಆದರೆ ಆ ಗೆಲುವಿನಲ್ಲಿ ನೆಲವು ಒಡೆದು, ಸಮುದ್ರವು ಅಗಲವೂ ಆಳವೂ ಆಯಿತು. ಕಾಲಾಂತರದಲ್ಲಿ ಕ್ಷಮೆ ಪಡೆದು ಬಿಡುಗಡೆಯಾದ ಮೆಲ್ಕೋರನು ಲೋಕಕ್ಕೆ ಬೆಳಕಾಗಿದ್ದ ಎರಡು ವೃಕ್ಷಗಳನ್ನು ಕೊಲ್ಲಿಸಿ, ಅವುಗಳ ಪ್ರಭೆಯನ್ನು ಹಿಡಿದಿರಿಸಿದ್ದ ಮೂರು ಸಿಲ್ಮರಿಲ್ ರತ್ನಗಳನ್ನು ಕದ್ದೊಯ್ದನು. ಆಗಲೂ ವಾಲಾರರು ಕೂಡಲೇ ಯುದ್ಧಕ್ಕೆ ಹೊರಡಲಿಲ್ಲ. ಹಿಂದಿನ ಯುದ್ಧದಲ್ಲಿ ಭೂಮಿಗಾದ ಗಾಯ ಅವರಿಗೆ ನೆನಪಿತ್ತು. ಮಾನವರು ಹುಟ್ಟುವ ಕಾಲ ಸಮೀಪಿಸಿತ್ತು. ಆದರೆ ಯಾವ ನೆಲದಲ್ಲಿ ಹುಟ್ಟುವರೆಂಬುದು ತಿಳಿದಿರಲಿಲ್ಲ. ಇದನ್ನು ದೇವತೆಗಳ ಉದಾಸೀನವೆಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ: ಐದು ನೂರಕ್ಕೂ ಮಿಕ್ಕ ವರ್ಷಗಳ ಕಾಲ ಎಲ್ಫರೂ ಮಾನವರೂ ತಾವೇ ಹೋರಾಡಿ, ರಾಜ್ಯದ ಮೇಲೆ ರಾಜ್ಯವನ್ನು ಕಳೆದುಕೊಂಡರು. ಆದರೂ ವಾಲಾರರ ಸಂಯಮಕ್ಕೆ ಕಾರಣವಿತ್ತೆಂಬುದನ್ನು ಕೊನೆಯ ಯುದ್ಧವೇ ಸಿದ್ಧಪಡಿಸುತ್ತದೆ.

ಉಭಯ ಕುಲಗಳ ರಕ್ತವನ್ನೂ ಹಂಚಿಕೊಂಡು ಹುಟ್ಟಿದ ಎಯಾರೆಂದಿಲನು ಸಮುದ್ರವನ್ನು ದಾಟಿ ಬಂದು ಕರುಣೆಯನ್ನು ಬೇಡಿದ ಮೇಲೆ ವಾಲಾರರ ಸೇನೆ ಹೊರಟಿತು. ಇದೇ ‘ಕ್ರೋಧಯುದ್ಧ’. ಮೊರ್ಗಾಥನು ರೆಕ್ಕೆಯುಳ್ಳ ಘಟಸರ್ಪಗಳನ್ನು ಬಿಟ್ಟಾಗ ದೇವಸೇನೆಯೇ ಹಿಮ್ಮೆಟ್ಟಿತು. ಎಯಾರೆಂದಿಲನು ಆಕಾಶನೌಕೆಯಿಂದ ಹೋರಾಡಿ ಅವುಗಳಲ್ಲಿ ಮಹತ್ತಾದ ಆಂಕಲಗೋನನನ್ನು ಕೆಡಹಿದನು. ಮೊರ್ಗಾಥನನ್ನು ಲೋಕದ ಹೊರಗಿನ ಶೂನ್ಯಕ್ಕೆ ನೂಕಲಾಯಿತು. ಇಂಥ ಮಹಾಸಮರದ ವರ್ಣನೆ ಗ್ರಂಥದಲ್ಲಿ ಕೆಲವೇ ಪುಟಗಳಷ್ಟಿದೆ. ಅದಕ್ಕೆ ಕಾರಣವೂ ಅಲ್ಲಿಯೇ ಉಂಟು: ಚರಿತ್ರೆಯನ್ನು ಬರೆದಿಟ್ಟ ಎಲ್ಫರಾರೂ ಆ ಸೇನೆಯಲ್ಲಿರಲಿಲ್ಲ, ಅವರು ಅದನ್ನು ಬಹುಕಾಲದ ಮೇಲೆ ಕೇಳಿ ತಿಳಿದವರು. ಅವರು ಕಣ್ಣಾರೆ ಕಂಡದ್ದು ಫಲವನ್ನು ಮಾತ್ರ. ಅವರ ನಾಡಾದ ಬೆಲೇರಿಯಾಂಡ್ ಬಹುಪಾಲು ಸಮುದ್ರದಲ್ಲಿ ಮುಳುಗಿಹೋಗಿತ್ತು. ಯಾರನ್ನು ಉಳಿಸಲು ಯುದ್ಧ ನಡೆಯಿತೋ ಅವರು ಉಳಿದರು. ಅವರ ನೆಲ ಉಳಿಯಲಿಲ್ಲ.

ಟೋಲ್ಕೀನನು ಚೆನ್ನಾಗಿ ಬಲ್ಲ ಪ್ರಾಚೀನ ನಾರ್ಸ್ ಪುರಾಣದಲ್ಲಿಯೂ ಕೊನೆಯ ಯುದ್ಧದಲ್ಲಿ ಭೂಮಿ ಮುಳುಗುತ್ತದೆ. ಆದರೆ ಮತ್ತೆ ಹಸುರಾಗಿ ಮೇಲೆದ್ದು ಬರುತ್ತದೆ. ಅಂಥದೊಂದು ನವೀಕರಣವನ್ನು ಟೋಲ್ಕೀನನೂ ಯೋಚಿಸಿದ್ದನು. ಮೊರ್ಗಾಥನು ಮರಳಿ ಬಂದು ಅಂತಿಮ ಯುದ್ಧವಾಗಿ, ರತ್ನಗಳು ದೊರೆತು, ವೃಕ್ಷಗಳು ಮತ್ತೆ ಬೆಳಗುವುವೆಂಬ ಭವಿಷ್ಯವಾಣಿಯು ೧೯೩೦ರ ಹಸ್ತಪ್ರತಿಯಲ್ಲಿ ಉಂಟು. ೧೯೭೭ರ ಮುದ್ರಿತ ಪಾಠದಲ್ಲಿ ಅದು ಸೇರಿಲ್ಲ. ಆದುದರಿಂದ ಮುದ್ರಿತ ಗ್ರಂಥವನ್ನಷ್ಟೇ ಓದಿದವರಿಗೆ ದೊರೆಯುವುದು ಪರಿಹಾರವಿಲ್ಲದ ನಷ್ಟ. ಪಾಠಭೇದವು ತಾತ್ಪರ್ಯವನ್ನೇ ಬದಲಿಸುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ನಮ್ಮ ಪುರಾಣಗಳಲ್ಲಿ ಸಾಮಾನ್ಯವಾಗಿ ಯುದ್ಧದಿಂದ ಭೂಭಾರ ಇಳಿಯುತ್ತದೆ. ಭಾಗವತದ ದಶಮಸ್ಕಂಧದಲ್ಲಿ ಗೋರೂಪದ ಭೂದೇವಿಯು ಬ್ರಹ್ಮನಲ್ಲಿ ಮೊರೆಯಿಡುವುದು ಇದಕ್ಕಾಗಿಯೇ. ಆದರೆ ಅದೇ ಗ್ರಂಥದ ಷಷ್ಠಸ್ಕಂಧದಲ್ಲಿ ಬೇರೊಂದು ಧ್ವನಿಯೂ ಕೇಳಿಬರುತ್ತದೆ. ವಿಶ್ವರೂಪನನ್ನು ಕೊಂದ ಇಂದ್ರನ ಪಾಪದಲ್ಲಿ ಕಾಲುಭಾಗವನ್ನು ಭೂಮಿಯು ಹೊತ್ತುಕೊಂಡಿತು. ಚೌಳುನೆಲವೇ ಆ ಪಾಪದ ಕುರುಹು. ಅದಕ್ಕೆ ಪ್ರತಿಯಾಗಿ, ತೋಡಿದ ಹಳ್ಳವು ತಾನಾಗಿ ತುಂಬಲೆಂಬ ವರವನ್ನು ಭೂಮಿ ಪಡೆಯಿತು. ದೇವತೆಗಳ ಕೃತ್ಯದ ಫಲವನ್ನು ನೆಲವು ಉಣ್ಣಬೇಕೆಂಬುದನ್ನು ಎರಡು ಪರಂಪರೆಗಳೂ ಕಂಡಿವೆ. ಟೋಲ್ಕೀನನ ಭೂಮಿಗೆ ಆ ವರವೊಂದು ದೊರೆಯಲಿಲ್ಲ.